ಹನ್ನೆರಡರೊಳಗಿನ ಊಟ

ಶಾಂತಿ ಮಾಡಿಸುವವರ ಸಹವಾಸದಷ್ಟು ಅಶಾಂತಿ ಇನ್ನೊಂದಿಲ್ಲ. ಇದನ್ನು ನಾನು ಯಾವ ಗ್ರಂಥದಲ್ಲೂ ಓದಲಿಲ್ಲ. ಪುಣೆಯ ಹಡಪಸರದ ನಮ್ಮ ಗಲ್ಲಿಯಲ್ಲಿ, ಸ್ಟೋವಿನ ಮುಂದೆ ಕೂತು ಗಡಿಯಾರ ನೋಡುತ್ತಾ ಕಲಿತೆ.

ನಮ್ಮ ಮನೆಯ ಎದುರಿಗೇ ಬುದ್ಧ ವಿಹಾರ. ದೊಡ್ಡದೇನಲ್ಲ. ತಗಡಿನ ಮಾಡು, ಶಹಾಬಾದಿ ಕಲ್ಲಿನ ನೆಲ, ಒಂದು ಬುದ್ಧನ ಮೂರ್ತಿ, ಮೂಲೆಯಲ್ಲಿ ಪರದೆ ಕಟ್ಟಿದ ಸಣ್ಣ ಜಾಗ. ಆ ಪರದೆಯ ಹಿಂದೆ ಒಬ್ಬ ಭಿಕ್ಷು ಇರುತ್ತಿದ್ದರು, ನಮಗೆಲ್ಲ ಭಂತೇಜಿ. ತೊಂಬತ್ತರ ದಶಕದ ಆರಂಭದಲ್ಲಿ ಬಂದವರು, ಆಗಲೇ ಐವತ್ತು ದಾಟಿತ್ತು. ಬೀದರ ಕಡೆಯವರು, ನಮ್ಮ ಹಾಗೆಯೇ ಮನೆಯಲ್ಲಿ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ಹರೆಯದಲ್ಲಿ ಕುಸ್ತಿ ಆಡಿದವರು. ಪೈಲ್ವಾನರ ಕಿವಿ ಮಡಚಿಕೊಂಡಿರುತ್ತದಲ್ಲ, ಹಾಗೇ ಇತ್ತು ಅವರ ಕಿವಿ. ಅಂಥ ದೇಹಕ್ಕೆ ಕಾವಿ ಚೀವರ ಹೊದ್ದು ದಿನಕ್ಕೆ ಒಂದೇ ಊಟ. ಅದೂ ಮಧ್ಯಾಹ್ನ ಹನ್ನೆರಡರೊಳಗೆ ಆಗಬೇಕು. ಹನ್ನೆರಡು ದಾಟಿತೋ, ಮರುದಿನ ಬೆಳಗಿನ ತನಕ ನೀರು, ಹಾಲಿಲ್ಲದ ಚಹಾ, ಅಷ್ಟೇ. ಭಿಕ್ಷುಗಳ ನಿಯಮ ಅದು. ಯಾರಾದರೂ ಕೈಗೆ ಕೊಟ್ಟರೆ ಉಣ್ಣಬೇಕು, ತಾವಾಗಿ ತೆಗೆದುಕೊಳ್ಳುವಂತಿಲ್ಲ, ನಾಳೆಗೆಂದು ಎತ್ತಿಡುವಂತಿಲ್ಲ.

ನಿಯಮದ ಬಗ್ಗೆ ನನ್ನ ತಕರಾರಿಲ್ಲ. ಕಲಬುರಗಿ ಕಡೆಯ ಹಳ್ಳಿಯಲ್ಲಿದ್ದಾಗಲೇ ನಮ್ಮ ಅಪ್ಪ ಬೌದ್ಧ ದೀಕ್ಷೆ ತೆಗೆದುಕೊಂಡವರು. ಮಗ್ಗಿಗಿಂತ ಮೊದಲು ನಾನು ಪಂಚಶೀಲ ಬಾಯಿಪಾಠ ಮಾಡಿದವಳು. ನನ್ನ ತಕರಾರು ಈ ಮನುಷ್ಯನ ಬಗ್ಗೆ. ಎಲ್ಲಿ ಜಗಳವಾಗಲಿ, ಯಾರು ಯಾರ ಮೇಲೆ ಕಲ್ಲೆತ್ತಲಿ, ಇವರು ಎದ್ದು ಹೊರಡುವರು. ಅದೂ ಸರಿಯಾಗಿ ಊಟದ ಹೊತ್ತಿಗೆ. ಊರ ಉಸಾಬರಿ ಮುಗಿಸಿ ಬರುವಷ್ಟರಲ್ಲಿ ಒಂದು ಗಂಟೆ. ಬಡಿಸಲು ಕಾಯುತ್ತಿದ್ದವರು ತಟ್ಟೆ ಮುಚ್ಚಿ ಮನೆಗೆ ಹೋಗುವುದು.

ಪುಣೆಯಲ್ಲಿ ಅವರ ಹೆಸರು ಬೆಳೆದಂತೆ ಈ ಕಾಟ ಇನ್ನೂ ಹೆಚ್ಚಿತು. ಸದಾಶಿವ ಪೇಠದ ಸಭಾಗೃಹಗಳಲ್ಲಿ ಅವರನ್ನು ಕರೆದು ಕೂರಿಸಿ ಶಾಂತಿಯ ಬಗ್ಗೆ ಭಾಷಣ ಮಾಡಿಸುವರು. ಸಭೆ ಹನ್ನೊಂದಕ್ಕೆ ಎಂದರೆ ಶುರುವಾಗುವುದು ಹನ್ನೊಂದೂವರೆಗೆ. ಸ್ವಾಗತ, ದೀಪ, ಹಾರ, ಶಾಲು. ಇವರ ಸರದಿ ಬರುವಾಗ ಹನ್ನೆರಡು ಹೊಡೆದಿರುತ್ತಿತ್ತು. ಅಹಿಂಸೆಯ ಬಗ್ಗೆ ಅಷ್ಟೊಂದು ಮಾತಾಡಿದ ಆ ವಿದ್ವಾಂಸರಲ್ಲಿ ಒಬ್ಬರಿಗಾದರೂ ‘ಭಂತೇಜಿ, ನಿಮ್ಮ ಊಟ ಆಯಿತೇ’ ಎಂದು ಕೇಳಲು ತೋಚಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅನ್ನುತ್ತಾರೆ. ಇವರಿಗೆ ಜುಟ್ಟೂ ಇರಲಿಲ್ಲ, ಬರೀ ಶಾಲು. ಆ ಶಾಲುಗಳನ್ನು ತಂದು ನಮ್ಮ ಗಲ್ಲಿಯ ಮುದುಕಿಯರಿಗೆ ಹಂಚಿಬಿಡುತ್ತಿದ್ದರು. ಚಳಿಗಾಲದಲ್ಲಿ ನಮ್ಮ ನಲ್ಲಿಯ ಕಟ್ಟೆಯ ಮೇಲೆ ಜರಿ ಶಾಲು ಹೊದ್ದು ಪಾತ್ರೆ ತಿಕ್ಕುವ ಮುದುಕಿಯರನ್ನು ಕಾಣಬಹುದಿತ್ತು.

ಅವರ ಪದ್ಧತಿಯನ್ನು ಇಲ್ಲಿ ಹೇಳಲೇಬೇಕು, ಯಾಕೆಂದರೆ ಅದೇ ನನ್ನ ಕೊರಳಿಗೆ ಬಿದ್ದದ್ದು. ದೇಶದಲ್ಲೆಲ್ಲ ಗಲಭೆ ಎದ್ದಿದ್ದ ಒಂದು ಚಳಿಗಾಲ ನಮ್ಮ ಗಲ್ಲಿಯವರೂ ಆಚೆ ಓಣಿಯ ಮುಸಲ್ಮಾನರೂ ನಡುವಿನ ರಸ್ತೆಗೆ ಬಂದು ನಿಂತಿದ್ದರು. ಎರಡೂ ಕಡೆ ಕೈಯಲ್ಲಿ ಕಲ್ಲು. ಭಂತೇಜಿ ಆ ರಸ್ತೆಯ ಮಧ್ಯೆ ಹೋಗಿ ಕೂತು ಭಿಕ್ಷಾಪಾತ್ರೆ ಮುಂದಿಟ್ಟುಕೊಂಡರು. ಉಪದೇಶ ಗಿಪದೇಶ ಏನೂ ಇಲ್ಲ. “ಹಸಿವಾಗ್ಯಾದ. ಆ ಕಡಿಯವರು ರೊಟ್ಟಿ ಕೊಡ್ರಿ, ಈ ಕಡಿಯವರು ಪಲ್ಯ ಕೊಡ್ರಿ. ಒಂದ ಕಡೀದು ನಾ ಉಣ್ಣಂಗಿಲ್ಲ” ಅಂದರು. ಮೊದಲ ದಿನ ಯಾರೂ ಕೊಡಲಿಲ್ಲ, ಹನ್ನೆರಡು ದಾಟಿತು, ಅವರು ಅಲ್ಲೇ ಕೂತರು. ಮರುದಿನ ಆಚೆ ಓಣಿಯ ಒಬ್ಬ ಅಜ್ಜಿ ಬುರ್ಖಾದೊಳಗಿಂದ ಎರಡು ರೊಟ್ಟಿ ತೆಗೆದು ಪಾತ್ರೆಗೆ ಹಾಕಿ, ನಮ್ಮ ಕಡೆ ತಿರುಗಿ, “ಈಗ ನಿಮ್ಮದೆಲ್ಲಿ?” ಎಂದು ಗದರಿದಳಂತೆ. ನಮ್ಮವರಿಗೆ ನಾಚಿಕೆಯಾಗಿ ಬೇಳೆ ತಂದು ಸುರಿದರು. ಕಲ್ಲು ಕೆಳಗೆ ಬಿದ್ದವು.

ಅದಾದ ಮೇಲೆ ಅವರಿಗೆ ಇದೇ ಚಟವಾಯಿತು. ನಲ್ಲಿಯ ನೀರಿಗೆ ಜಗಳವಾಡಿದ ನೆರೆಮನೆಯವರು, ಗೋಡೆಗಾಗಿ ಕೋರ್ಟಿಗೆ ಹೊರಟ ದಾಯಾದಿಗಳು, ಎಲ್ಲರಿಗೂ ಒಂದೇ ತೀರ್ಪು: ಒಬ್ಬರು ರೊಟ್ಟಿ, ಒಬ್ಬರು ಪಲ್ಯ, ಇಬ್ಬರೂ ಕೂಡಿ ಬಡಿಸಬೇಕು. ಅಲ್ಲಿಯ ತನಕ ಆ ಮನೆಯಲ್ಲಿ ಅವರು ಉಣ್ಣುವುದಿಲ್ಲ. ಗಂಡ ಹೆಂಡಿರ ಜಗಳಕ್ಕೆ ಮಾತ್ರ ತಲೆ ಹಾಕುತ್ತಿರಲಿಲ್ಲ. “ಅದು ಉಂಡು ಮಲಗೂ ತನಕ, ಅದಕ್ಕ ನಾ ಯಾಕ?” ಎನ್ನುವರು. ಜನ ಇದನ್ನು ಭಾರಿ ಮೆಚ್ಚಿದರು. ನಾನೂ ಮೆಚ್ಚಿದೆ, ನನ್ನ ಮನೆಯ ಬಾಗಿಲಿಗೆ ಬರುವ ತನಕ.

ನಾನು ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಶಿಕ್ಷಕಿ. ಪುಣೆಯಲ್ಲಿ ಶಿಕ್ಷಕಿಗೆ ‘ಬಾಯಿ’ ಅನ್ನುತ್ತಾರೆ, ಗಲ್ಲಿಗೆಲ್ಲ ನಾನು ಬಾಯಿ. ನನಗೆ ಒಬ್ಬನೇ ತಮ್ಮ. ಅವ್ವ ಬೇಗ ತೀರಿಕೊಂಡಳು, ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ನಾನು. ಸ್ಲೇಟಿನ ಮೇಲೆ ಅವನ ಕೈ ಹಿಡಿದು ತಿದ್ದಿಸಿದವಳೂ ನಾನೇ. ಜಾಣ, ಎಂಜಿನಿಯರ್ ಆದ. ಎರಡು ಸಾವಿರ ಇಸವಿಯ ಆಚೀಚೆ ವಿಮಾನ ನಗರದ ಒಂದು ಆಫೀಸಿನಲ್ಲಿ ಕೆಲಸ ಹಿಡಿದು, ಅಲ್ಲೇ ಫ್ಲ್ಯಾಟ್ ತೆಗೆದುಕೊಂಡ. ಗೃಹಪ್ರವೇಶಕ್ಕೆ ಕರೆಯಲು ಫೋನ್ ಮಾಡಿದವನು ಕೊನೆಗೆ ಮೆಲ್ಲಗೆ, “ಅಕ್ಕಾ, ಬಿಳಿ ಸೀರಿ ಉಟ್ಕೊಂಡ್ ಬರಬ್ಯಾಡ” ಅಂದ.

ನಾವು ಮಂಗಲಕಾರ್ಯಕ್ಕೆ ಬಿಳಿ ಸೀರೆ ಉಡುತ್ತೇವೆ. ನೋಡಿದವರಿಗೆ ನಾವು ಯಾರು, ಯಾವ ಜಾತಿಯಿಂದ ಬಂದವರು ಎಂದು ತಿಳಿಯುತ್ತದೆ. ಅವನಿಗೆ ಅದೇ ಬೇಡವಾಗಿತ್ತು. ನಾನು ಹಲ್ಲು ಕಚ್ಚಿ ಹಸಿರು ಸೀರೆ ಉಟ್ಟು ಹೋದೆ. ಡಬ್ಬಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ. ಅವನ ಫ್ಲ್ಯಾಟಿನ ನಡುಮನೆಯಲ್ಲಿ ಬುದ್ಧನ ಮೂರ್ತಿಯಿತ್ತು, ಶೋಕೇಸಿನಲ್ಲಿ, ಅಂಥ ಫ್ಲ್ಯಾಟುಗಳಲ್ಲಿ ಚಂದಕ್ಕೆಂದು ಎಲ್ಲರೂ ಇಡುತ್ತಾರಲ್ಲ, ಹಾಗೆ. ಆ ಬುದ್ಧನನ್ನು ನೋಡಿ ಯಾರಿಗೂ ಏನೂ ತಿಳಿಯುವಂತಿರಲಿಲ್ಲ. ಅಷ್ಟರಲ್ಲಿ ಅವರ ಕಟ್ಟಡದ ಸೊಸೈಟಿಯ ಚೇರ್ಮನ್ ಬಂದರು. ನನ್ನನ್ನು ನೋಡಿ, ಇವರು ಯಾರು ಎಂದು ಕೇಳಿದರು. ನನ್ನ ತಮ್ಮ ಒಂದು ಕ್ಷಣ ಶೋಕೇಸಿನ ಕಡೆ ನೋಡಿ, “ಹ್ಯಾ ಆಮಚ್ಯಾ ಗಾವಾಕಡಚ್ಯಾ ಬಾಯಿ” ಅಂದ. ನಮ್ಮ ಊರ ಕಡೆಯ ಟೀಚರ್.

ನಾನು ನೀರು ಕೂಡ ಕುಡಿಯದೆ ಬಂದೆ. ಅವತ್ತಿಗೆ ಮಾತು ಮುರಿಯಿತು. ಅವನು ಹಲವು ಸಲ ಫೋನ್ ಮಾಡಿದ, ನಾನು ಎತ್ತಲಿಲ್ಲ. ನನಗೆ ಕ್ಷಮೆ ಬೇಕಿರಲಿಲ್ಲ. ಯಾರ ಮುಂದೆ ನನ್ನನ್ನು ಅಲ್ಲವೆಂದನೋ ಅವರ ಮುಂದೆಯೇ ಅಕ್ಕ ಅನ್ನಲಿ. ಅಷ್ಟೇ ನನ್ನ ಹಟ, ಅದರಲ್ಲಿ ಒಂದಿಂಚು ಬಿಡಲು ನಾನು ತಯಾರಿರಲಿಲ್ಲ.

ಭಂತೇಜಿಯ ಊಟಕ್ಕೆ ಗಲ್ಲಿಯ ಮನೆಗಳಿಗೆ ಸರದಿ ಇತ್ತು. ಶಾಲೆಗೆ ರಜೆ ಇರುವ ದಿನವೆಂದು ನನಗೆ ತಿಂಗಳ ಕೊನೆಯ ಭಾನುವಾರ. ನಮ್ಮ ಮಾತು ಮುರಿದದ್ದನ್ನು ಯಾರು ಹೋಗಿ ಅವರಿಗೆ ಹೇಳಿದರೋ, ಮುಂದಿನ ಸರದಿಗೆ ನಾನು ಎಣ್ಣೆಗಾಯಿ ಪಲ್ಯ, ರೊಟ್ಟಿ ಮಾಡಿ ಕಾದರೆ, ಈ ಪುಣ್ಯಾತ್ಮರು ಬಂದು ಕೂತು ತ್ರಿಶರಣ ಹೇಳಿಸಿ, ಪಾತ್ರೆಯ ಮುಚ್ಚಳ ತೆಗೆಯಲೇ ಇಲ್ಲ.

“ಪಲ್ಯ ನಿಮ್ಮದು ಬಾಯಿ. ರೊಟ್ಟಿ ನಿಮ್ಮ ತಮ್ಮಂದು. ಅಂವ ತರ್ಲಿ, ಇಬ್ರೂ ಕೂಡಿ ಬಡಸ್ರಿ. ಉಣ್ತೀನಿ.”

“ಭಂತೇಜಿ, ಅಂವ ಬರಂಗಿಲ್ರಿ.”

“ಹಂಗಾರ ನಾ ಕಾಯ್ತೀನಿ.”

“ಇದೇನ್ ಅಹಿಂಸಾರೀ? ನಿಮ್ಮ ಹೊಟ್ಟಿ ಸುಟ್ಟು ನನ್ನ ಸುಡ್ಲಿಕ್ಕ ಹತ್ತೀರಿ. ಇದಕ್ಕಿಂತ ಎರಡು ಬಡದು ಹೋಗ್ರಿ!”

ಅವರು ನಕ್ಕರು. ಅವರ ನಗು ನೋಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಹನ್ನೆರಡಾಯಿತು. ಎದ್ದು ಹೋದರು. ರೊಟ್ಟಿಗಳನ್ನು ನನ್ನ ಗಂಡ ಉಂಡ. ಕಾರ್ಖಾನೆಯಲ್ಲಿ ಲೇಥ್ ನಡೆಸುವ ಮನುಷ್ಯ, ಮಾತು ಕಡಿಮೆ, ಹಸಿವು ಜಾಸ್ತಿ. “ತಿಂಗಳಿಗೊಮ್ಮೆ ನನಗ ಭಿಕ್ಷುವಿನ ಊಟ” ಎಂದು ತೇಗಿದ. ಅವನಿಗೂ ಬೈದೆ.

ಹೀಗೇ ತಿಂಗಳುಗಳು ಹೋದವು. ಪ್ರತಿ ಸರದಿಗೂ ನಾನು ಮಾಡುವುದು, ಅವರು ಬರುವುದು, ಉಣ್ಣದೆ ಹೋಗುವುದು. ಅಷ್ಟರಲ್ಲಿ ಅವರಿಗೆ ಸಕ್ಕರೆ ಕಾಯಿಲೆ ಗೊತ್ತಾಗಿ, ಹೊತ್ತು ತಪ್ಪಿಸದೆ ಉಣ್ಣಬೇಕೆಂದು ಡಾಕ್ಟರು ಹೇಳಿದ್ದರು. ಗಲ್ಲಿಯ ಹೆಂಗಸರು ನನ್ನ ಕಡೆ ಓರೆಗಣ್ಣಿನಿಂದ ನೋಡತೊಡಗಿದರು. ಭಂತೇಜಿಯನ್ನು ಉಪವಾಸ ಕೆಡವುವ ಮನೆ ಎಂದರೆ ನಮ್ಮದೇ. ತಪ್ಪು ಮಾಡಿದವನು ವಿಮಾನ ನಗರದಲ್ಲಿ ಫ್ಯಾನಿನ ಕೆಳಗೆ, ಗಲ್ಲಿಯ ಬೈಗುಳ ನನಗೆ. ಗಾಯದ ಮೇಲೆ ಬರೆ.

ಒಂದು ಸಲ ತಡೆಯಲಾರದೆ ಕೇಳಿದೆ, ಲೋಕದಲ್ಲಿ ಇಷ್ಟು ಜಗಳಗಳಿರುವಾಗ ನನ್ನದರ ಮೇಲೆ ಯಾಕೆ ಕಣ್ಣು ಎಂದು. ಅವರು ತಮ್ಮ ಅಂಗೈ ನೋಡಿಕೊಂಡರು. “ನನಗೂ ಒಬ್ಬ ಅಣ್ಣ ಇದ್ದ ಬಾಯಿ. ಹೊಲದ ಬದುವಿನ ಮ್ಯಾಲ ಜಗಳಾತು. ಪೈಲ್ವಾನ್ಕಿ ಸೊಕ್ಕು ನೋಡ್ರಿ, ಅವನ ಕೈ ಮುರದೆ. ಮಾತು ಬಿಟ್ಟಿವಿ. ಅಂವ ಸತ್ತ ಮ್ಯಾಲ ಮಾತಾಡಬೇಕನಸ್ತು. ಯಾರ ಜೋಡಿ ಆಡ್ಲಿ?” ಅಂದರು. ಆಮೇಲೆ ಆ ವಿಷಯವನ್ನು ಅವರು ಎಂದೂ ಎತ್ತಲಿಲ್ಲ. ಕೇಳಿ ನನಗೂ ಪಾಪ ಅನ್ನಿಸಿತು. ಆದರೂ ಫೋನ್ ಮಾಡಲಿಲ್ಲ. ಸೊಕ್ಕೇನು ಪೈಲ್ವಾನರಿಗೆ ಮಾತ್ರ ಇರುತ್ತದೆಯೇ?

ಬೇಸಿಗೆಯಲ್ಲಿ ಅವರು ಮಾಡಿದ ಕೆಲಸ ಕೇಳಿ ನಾನು ತಲೆ ಚಚ್ಚಿಕೊಳ್ಳುವುದೊಂದು ಬಾಕಿ. ಶಾಂತಿಯಾತ್ರೆಗಳಲ್ಲಿ ಊರೂರು ನಡೆದ ಕಾಲು, ಸುಮ್ಮನಿರುತ್ತದೆಯೇ? ಹಡಪಸರದಿಂದ ವಿಮಾನ ನಗರಕ್ಕೆ ಬಿಸಿಲಿನಲ್ಲಿ ನಡೆದುಕೊಂಡು ಹೋಗಿದ್ದಾರೆ. ಗೇಟಿನ ವಾಚ್‌ಮನ್ ಒಳಗೆ ಬಿಡದೆ, ಯಾರೋ ಭಿಕ್ಷೆಯವರು ಬಂದಿದ್ದಾರೆಂದು ಮೇಲಕ್ಕೆ ಫೋನ್ ಮಾಡಿದನಂತೆ. ತಮ್ಮ ಇಳಿದು ಬಂದ. ಸುತ್ತ ಸೊಸೈಟಿಯ ನಾಲ್ಕು ಜನ ನಿಂತು ನೋಡುತ್ತಿದ್ದರು. ಭಂತೇಜಿ ಮರಾಠಿಯಲ್ಲಿ ಒಂದಕ್ಷರ ಆಡಲಿಲ್ಲ. ಅಲ್ಲಿ ಯಾರಿಗೂ ತಿಳಿಯದ ಕನ್ನಡದಲ್ಲಿ, “ನಿನ್ನ ಗುಟ್ಟು ನಿನ್ನ ಕೈಯಾಗ ಅದ, ನಾ ಮುಟ್ಟಂಗಿಲ್ಲ. ಕಡೀ ಐತವಾರ ಅಕ್ಕನ ಮನಿಯಾಗ ನನ್ನ ಊಟ. ರೊಟ್ಟಿ ನಿಂದು. ಹನ್ನೆರಡರೊಳಗ” ಎಂದು ಹೇಳಿ, ನೀರು ಕುಡಿದು, ತಿರುಗಿ ನಡೆದುಕೊಂಡೇ ಬಂದರು. ಅಂಗಾಲಲ್ಲಿ ಬೊಬ್ಬೆ. ಎಣ್ಣೆ ಕೊಡಲು ಹೋದ ನನ್ನ ಗಂಡನ ಹಿಂದೆಯೇ ಹೋಗಿ ಅವರಿಗೆ ಮನಸ್ಸು ತಣಿಯುವಷ್ಟು ಬೈದು ಬಂದೆ. “ಹೌದ್ರಿ ಬಾಯಿ, ಹೌದ್ರಿ” ಅನ್ನುತ್ತಾ ಎಣ್ಣೆ ಹಚ್ಚಿಕೊಂಡರು.

ಆ ಭಾನುವಾರ ಬಂತು. ಅವನು ಬರುವುದಿಲ್ಲ ಎಂದು ನಾನು ಬೆಳಿಗ್ಗೆಯಿಂದ ಗಂಡನಿಗೆ ಹೇಳುತ್ತಲೇ ಇದ್ದೆ, ಹೇಳುತ್ತಲೇ ಬದನೆಕಾಯಿ ಸೀಳಿದೆ, ಹೇಳುತ್ತಲೇ ಬಿಳಿ ಸೀರೆ ಉಟ್ಟೆ. ಹನ್ನೊಂದಕ್ಕೆ ಭಂತೇಜಿ ಬಂದು ಬಾಗಿಲಿಗೆ ಎದುರಾಗಿ ಕೂತರು. ಆ ಬೇಸಿಗೆಯಲ್ಲಿ ಅವರ ಕತ್ತಿನ ಚರ್ಮ ಜೋತುಬಿದ್ದಿತ್ತು.

ಹನ್ನೆರಡಕ್ಕೆ ಇನ್ನೂ ಕಾಲು ಗಂಟೆಗಿಂತ ಹೆಚ್ಚು ಹೊತ್ತಿರುವಾಗ ಗಲ್ಲಿಯ ತುದಿಗೆ ಒಂದು ದೊಡ್ಡ ಕಾರು ಬಂದು ನಿಂತಿತು. ನಮ್ಮ ಗಲ್ಲಿಯ ಕಮಾನಿನ ಮೇಲೆ ನೀಲಿ ಬಾವುಟ, ಪಂಚಶೀಲದ ಬಾವುಟ. ಇದು ಯಾರ ಓಣಿ ಎಂದು ಕುರುಡನಿಗೂ ತಿಳಿಯಬೇಕು. ಕಾರಿನ ಮುಂದಿನ ಸೀಟಿನಲ್ಲಿ ನನ್ನ ತಮ್ಮ. ಸ್ಟಿಯರಿಂಗ್ ಹಿಡಿದವರು ಯಾರೆಂದು ಬಾಗಿಲಿಂದಲೇ ಗುರುತು ಹತ್ತಿತು: ಅದೇ ಚೇರ್ಮನ್. ಇವನ ಸ್ಕೂಟರ್ ಹೊರಡಲಿಲ್ಲವಂತೆ, ತಾನೂ ಹಡಪಸರಕ್ಕೇ ಹೊರಟಿದ್ದೇನೆ ಎಂದು ಅವರು ಒತ್ತಾಯ ಮಾಡಿ ಹತ್ತಿಸಿಕೊಂಡರಂತೆ. ಆಮೇಲೆ ತಿಳಿದದ್ದು ಇದು.

ಕಾರು ನಿಂತಿತು, ಬಾಗಿಲು ತೆರೆಯಲಿಲ್ಲ. ಅವನ ಮಡಿಲಲ್ಲಿ ಒಂದು ಪೊಟ್ಟಣ. ಅವನು ಬಾವುಟ ನೋಡುತ್ತಿದ್ದ, ಪೊಟ್ಟಣ ನೋಡುತ್ತಿದ್ದ, ಮತ್ತೆ ಬಾವುಟ. ಚೇರ್ಮನ್ ಏನೋ ಕೇಳುತ್ತಿದ್ದರು, ಇವನು ಏನೋ ಹೇಳುತ್ತಿದ್ದ. ನಮ್ಮ ಗಡಿಯಾರ ಮಾತ್ರ ಯಾರ ಮುಲಾಜೂ ಇಲ್ಲದೆ ಓಡುತ್ತಿತ್ತು.

“ನಾ ಹೋಗಿ ಕರಕೊಂಡ್ ಬರ್ಲ್ಯಾ?” ಗಂಡ ಎದ್ದ.

“ಬ್ಯಾಡ” ಅಂದರು ಭಂತೇಜಿ. “ಅಂವ ತಾನ ಬರ್ಲಿ.”

“ಭಂತೇಜಿ, ಹೊತ್ತಾತ್ರೀ! ನನ್ನ ರೊಟ್ಟೀನ ಉಣ್ರಿ. ಸೋತೆ ಅಂತ ತಿಳ್ಕೋರಿ. ನಾ ಮಾತಾಡಸ್ತೀನಿ ಅವನ್ನ, ಅಂವ ಏನರ ಅನ್ಲಿ. ಊರಿನ್ ಬಾಯಿ ಅಂತಾನಾ, ಅನ್ಲಿ! ನೀವು ಉಣ್ರಿ.” ನಿಜವಾಗಿ ಅಂದೆ. ಎಷ್ಟೋ ತಿಂಗಳ ಹಟ ಆ ಜೋತುಬಿದ್ದ ಕತ್ತು ನೋಡಿ ಕರಗಿಹೋಗಿತ್ತು.

ಅವರು ಪಾತ್ರೆಯ ಮುಚ್ಚಳದ ಮೇಲೆ ಕೈಯಿಟ್ಟು ಬಾಗಿಲ ಕಡೆಗೇ ನೋಡಿದರು. ಹಾಳಾದ ಶಾಂತಿ ಎಂದು ಮನಸ್ಸಿನಲ್ಲೇ ಶಪಿಸಿದೆ. ಬುದ್ಧ ಎದುರಿಗಿದ್ದಿದ್ದರೆ ಅವನಿಗೂ ಎರಡು ಮಾತು ಕೇಳಿಸುತ್ತಿದ್ದೆ.

ಗೋಡೆಯ ಗಡಿಯಾರ ಹನ್ನೆರಡು ಹೊಡೆಯಿತು. ಕಾರಿನ ಬಾಗಿಲು ತೆರೆದದ್ದು ಅದಾದ ಮೇಲೆ.

ತಮ್ಮ ಪೊಟ್ಟಣ ಹಿಡಿದು ಗಲ್ಲಿಯೊಳಗೆ ನಡೆದು ಬಂದ. ಹಿಂದೆ ಚೇರ್ಮನ್, ಕುತೂಹಲದಿಂದ. ಹೊಸ್ತಿಲ ಬಳಿ ನನ್ನನ್ನು ಕಂಡು ಅವರ ಮುಖ ಅರಳಿತು. “ಅರೇ, ಹ್ಯಾ ತ್ಯಾ ಗಾವಾಕಡಚ್ಯಾ ಬಾಯಿ ನಾ?” ಆ ಊರ ಕಡೆಯ ಟೀಚರ್ ಅಲ್ಲವೇ ಇವರು?

ತಮ್ಮ ನನ್ನ ಬಿಳಿ ಸೀರೆ ನೋಡಿದ. ಮುಖವೆಲ್ಲ ಬೆವರು. “ನಾಹೀ” ಅಂದ. ಅಲ್ಲ. ಮತ್ತೊಮ್ಮೆ ಜೋರಾಗಿ, ಗಲ್ಲಿಗೆಲ್ಲ ಕೇಳುವಂತೆ ಅಂದ: “ಹೀ ಮಾಝೀ ಸಖ್ಖೀ ಮೋಠೀ ಬಹೀಣ.” ಇವಳು ನನ್ನ ಒಡಹುಟ್ಟಿದ ಅಕ್ಕ.

ಇದೇ ಮಾತಿಗಾಗಿ ನಾನು ಎಷ್ಟು ತಿಂಗಳಿಂದ ಕಾದಿದ್ದೆ. ಕೇಳಿದಾಗ ಕಣ್ಣೀರು ಬರುತ್ತದೆ, ತಬ್ಬಿಕೊಳ್ಳುತ್ತೇನೆ ಎಂದೆಲ್ಲ ಅಂದುಕೊಂಡಿದ್ದೆ. ಬಂದದ್ದು ಅದಲ್ಲ.

“ಮುಂಜಾನಿ ಹಿಡದು ಕುಂತಾರೋ ಹಸಕೊಂಡು! ಕಾರು ನಿಂತ ಕೂಡ್ಲೆ ಇಳದು ಬಂದು ಈ ಮಾತು ಅಂದಿದ್ರ ನಿನ್ನ ಗಂಟೇನ್ ಹೋಗ್ತಿತ್ತು? ಅಷ್ಟು ಹೊತ್ತು ಏನ್ ಮಾಡ್ದಿ ಅಲ್ಲಿ? ಅಕ್ಕ ಅನ್ಲಿಕ್ಕೆ ಮುಹೂರ್ತ ಬೇಕಾ ನಿನಗ?”

ಅವನು ತಲೆ ತಗ್ಗಿಸಿ ಬೈಸಿಕೊಂಡ, ಸ್ಲೇಟು ಒಡೆದು ಬಂದಾಗ ನಿಲ್ಲುತ್ತಿದ್ದ ಹಾಗೆ. ಚೇರ್ಮನ್ನರಿಗೆ ಭಾಷೆ ತಿಳಿಯದಿದ್ದರೂ ವಿಷಯ ತಿಳಿದಿರಬೇಕು. ಒಮ್ಮೆ ಬಾವುಟ ನೋಡಿದರು, ಒಮ್ಮೆ ಇವನನ್ನು ನೋಡಿದರು. ನನ್ನ ಗಂಡ ಕೊಟ್ಟ ನೀರನ್ನು ಅರ್ಧ ಕುಡಿದು, ಕೆಲಸವಿದೆ ಎಂದು ಹೋದರು. ಅರ್ಧ ಯಾಕೆ ಬಿಟ್ಟರು, ಬಾಯಾರಿಕೆ ಅಷ್ಟೇ ಇತ್ತೋ ಮತ್ತೇನೋ, ನಾನು ಯೋಚಿಸಲು ಹೋಗಲಿಲ್ಲ.

ಪೊಟ್ಟಣ ಬಿಚ್ಚಿದೆ. ಯಾವುದೋ ಖಾನಾವಳಿಯಿಂದ ಕಟ್ಟಿಸಿಕೊಂಡು ಬಂದ ದಪ್ಪ ದಪ್ಪ ಭಾಕ್ರಿ. ನಮ್ಮ ತೆಳ್ಳನೆಯ ರೊಟ್ಟಿ ಯಾವುದು, ಭಾಕ್ರಿ ಯಾವುದು ಎನ್ನುವುದೂ ಅವನಿಗೆ ಮರೆತಿತ್ತು. ಅವನು ಭಂತೇಜಿಯ ಮುಂದೆ ಕೂತು ಎರಡೂ ಕೈಯಿಂದ ಭಾಕ್ರಿ ಚಾಚಿದ. “ಉಣ್ರಿ ಭಂತೇಜಿ.”

“ಹೊತ್ತು ಮೀರ್ಯಾದ ತಮ್ಮಾ” ಎಂದು ಅವರು ಪಾತ್ರೆಯನ್ನು ಮಗ್ಗುಲಿಗೆ ಸರಿಸಿದರು. “ಬಾಯಿ, ನಂದು ಬಿಡ್ರಿ. ಅಂವಗ ಬಡಸ್ರಿ. ಬಿಸಲಾಗ ಬಂದಾನ.”

ಬಡಿಸಿದೆ. ಬೇರೆ ಏನು ಮಾಡಲಿ? ತಟ್ಟೆಯನ್ನು ಕುಕ್ಕಿದೆ, ಪಲ್ಯ ಹಾಕಿದೆ. ಆ ಗಟ್ಟಿ ಭಾಕ್ರಿ ಮುರಿದು, ನನ್ನ ಎಣ್ಣೆಗಾಯಿಯಲ್ಲಿ ಅದ್ದಿ ಅವನು ಉಂಡ, ನಡುನಡುವೆ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾ. ಸ್ವಲ್ಪ ಹೊತ್ತಾದ ಮೇಲೆ, “ಅಕ್ಕಾ, ಉಪ್ಪು ಕಮ್ಮಿ ಅದ” ಅಂದ.

“ಉಪ್ಪಿನ ಡಬ್ಬಿ ಎಲ್ಲಿರ್ತದಂತ ಗೊತ್ತದಲ್ಲ? ಎದ್ದು ಹಾಕ್ಕೋ” ಅಂದೆ. ಎದ್ದು ಹಾಕಿಕೊಂಡ. ಡಬ್ಬಿಯ ಜಾಗ ಅವನಿಗೆ ಮರೆತಿರಲಿಲ್ಲ.

ಭಂತೇಜಿ ಗೋಡೆಗೆ ಒರಗಿ ಹಾಲಿಲ್ಲದ ಚಹಾ ಹಿಡಿದು, ಅವನು ಉಣ್ಣುವುದನ್ನು ತುತ್ತು ತುತ್ತಿಗೂ ನೋಡುತ್ತಿದ್ದರು, ತಮ್ಮ ಹೊಟ್ಟೆಗೇ ಇಳಿಯುತ್ತಿದೆಯೇನೋ ಎಂಬಂತೆ. ಮುಖದಲ್ಲಿ ಹಸಿವಿನ ಸುಳಿವಿಲ್ಲ. ಅದನ್ನು ಕಂಡಾಗ ನನಗೆ ಕಣ್ಣೀರು ಬಂತು, ಸಿಟ್ಟಿನಿಂದಲೇ ಬಂತು. ಕಾರಿನಲ್ಲಿ ಕೂತು ಅಂಜಿದವನು ಇವನು, ಮನೆಯಲ್ಲಿ ಕೂತು ಬಿಗಿದುಕೊಂಡವಳು ನಾನು, ಮರುದಿನ ಬೆಳಗಿನ ತನಕ ಹಸಿವು ಮಾತ್ರ ಅವರದು.